ಮಿಡತೆಯ ಕಾಟಕ್ಕೆ ಮಳೆಯ ಲೆಕ್ಕ



ಜಮಖಂಡಿ ತಾಲೂಕಿನ ತುಬಚಿಯ ಸುತ್ತಮುತ್ತ ಎರಡು ಬಗೆಯ ಬೇಸಾಯ ಒಂದರ ಪಕ್ಕದಲ್ಲಿ ಒಂದು ನಡೆದಿದೆ. ಕೃಷ್ಣಾ ನದಿಯ ನೀರು ಸಿಕ್ಕ ಕಡೆ ಕಬ್ಬು, ಗೋವಿನಜೋಳ, ಅರಿಷಿಣ. ನೀರು ಸಿಗದ ಕಡೆ ಮಳೆಯನ್ನೇ ನಂಬಿದ ಸಜ್ಜೆ, ಹೆಸರು, ತೊಗರಿ ಮತ್ತು ಹಿಂಗಾರಿ ಬಿಳಿಜೋಳ. ಇವೆರಡರ ನಡುವೆ ಹಾದುಹೋಗುವ ಬದುವೇ ಮಿಡತೆಯ ತವರುಮನೆ.

ಮಿಡತೆಯ ವಿಷಯದಲ್ಲಿ ರೈತರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಒಂದು ವರ್ಷ ಹೆಜ್ಜೆ ಇಟ್ಟಲ್ಲೆಲ್ಲ ಮಿಡಚಿ ಹಾರುತ್ತವೆ. ಮರುವರ್ಷ ಹುಡುಕಿದರೂ ಸಿಗುವುದಿಲ್ಲ. ಇದು ಹೇಗೆ?" ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಹವಾಮಾನದಲ್ಲಿದೆ. ಈ ಉತ್ತರವನ್ನು ಅರಿತ ರೈತನು ಮಿಡತೆಯ ವರ್ಷವನ್ನು ಮುಂಚೆಯೇ ಊಹಿಸಬಲ್ಲ. ಯಾವಾಗ ಸಲಿಕೆ ಹಿಡಿಯಬೇಕು, ಯಾವಾಗ ಹಣ ಖರ್ಚು ಮಾಡಬಾರದು ಎಂಬುದೂ ಅವನಿಗೆ ತಿಳಿಯುತ್ತದೆ. ಈ ಪಾಠದ ಉದ್ದೇಶ ಇಷ್ಟೇ.

ಯಾವ ಮಿಡತೆ?

ನಮ್ಮ ಹೊಲಗಳಲ್ಲಿ ಹಲವು ಜಾತಿಯ ಮಿಡತೆಗಳಿವೆ. ಎಲ್ಲವೂ ಹಾನಿಕಾರಕವಲ್ಲ. ಈ ಪಾಠಕ್ಕೆ ಎರಡನ್ನು ಗುರುತಿಟ್ಟುಕೊಂಡರೆ ಸಾಕು.

ಮೊದಲನೆಯದು ದಖ್ಖಣದ ರೆಕ್ಕೆಯಿಲ್ಲದ ಮಿಡತೆ. ಇದನ್ನು ಜೋಳದ ಮಿಡತೆ ಎಂದೂ ಕರೆಯುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಇದರ ಜೀವನವನ್ನು ಹೊಲದಲ್ಲೇ ಅಭ್ಯಾಸ ಮಾಡಿ 1911ರಲ್ಲಿ ಪುಸ್ತಿಕೆಯೊಂದನ್ನು ಹೊರತಂದರು. ಅವರ ಹೆಸರಿನಿಂದಲೇ ಈ ಕೀಟಕ್ಕೆ ಕೋಲ್ಮೇನಿಯ ಎಂಬ ಶಾಸ್ತ್ರೀಯ ಹೆಸರು ಬಂದಿದೆ. ಇದು ದಖ್ಖಣದ ಒಣಬೇಸಾಯದ ಸೀಮೆಯ ಕೀಟ. ಬೆಳೆದು ದೊಡ್ಡದಾದರೂ ಇದಕ್ಕೆ ಹಾರುವ ರೆಕ್ಕೆ ಬರುವುದಿಲ್ಲ. ಜೋಳ, ಸಜ್ಜೆ ಮತ್ತು ಹುಲ್ಲುಗಳು ಇದರ ಮುಖ್ಯ ಆಹಾರ.

ಎರಡನೆಯದು ಹೈರೋಗ್ಲೈಫಸ್ ಎಂಬ ಹಸಿರು ಮಿಡತೆ. ಭತ್ತ, ಕಬ್ಬು, ಜೋಳ, ಗೋವಿನಜೋಳ ಇವೆಲ್ಲವನ್ನೂ ತಿನ್ನುತ್ತದೆ. ಇದಕ್ಕೆ ರೆಕ್ಕೆ ಇದೆ. ಆದರೆ ಮರಿ ಇದ್ದಾಗ ಇದೂ ಕುಪ್ಪಳಿಸಿಕೊಂಡೇ ಓಡಾಡುತ್ತದೆ.

ಈ ಎರಡರ ಜೀವನಕ್ರಮದಲ್ಲಿ ಬಹಳ ಹೋಲಿಕೆ ಇದೆ. ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲದ ಕೊನೆಗೆ ಹೆಣ್ಣು ಮಿಡತೆ ಗಟ್ಟಿ ನೆಲದಲ್ಲಿ ಹೊಟ್ಟೆಯ ತುದಿಯನ್ನು ಊರಿ ಎರಡು ಮೂರು ಅಂಗುಲ ಆಳದಲ್ಲಿ ತತ್ತಿಗಳನ್ನು ಗುಂಪಾಗಿ ಇಡುತ್ತದೆ. ತತ್ತಿಗಳ ಸುತ್ತ ನೊರೆಯಂಥ ಅಂಟನ್ನು ಸುರಿಸುತ್ತದೆ. ಅದು ಒಣಗಿ ಗಟ್ಟಿಯಾದಾಗ ಮಣ್ಣು ಮೆತ್ತಿಕೊಂಡ ಪುಟ್ಟ ಗೂಡಿನಂತೆ ಕಾಣುತ್ತದೆ. ಇದಕ್ಕೆ ತತ್ತಿಗೂಡು ಎನ್ನೋಣ. ತಾಯಿ ಮಿಡತೆ ಚಳಿಗಾಲದಲ್ಲಿ ಸಾಯುತ್ತದೆ. ತತ್ತಿಗಳು ಮಾತ್ರ ಮುಂದಿನ ಮುಂಗಾರಿಯವರೆಗೆ, ಅಂದರೆ ಆರೇಳು ತಿಂಗಳು, ನೆಲದಲ್ಲೇ ನಿದ್ರಿಸುತ್ತವೆ.

ತತ್ತಿಯ ನಿದ್ರೆ

ಚಳಿಗಾಲದಲ್ಲಿ ಅಕಾಲಿಕ ಮಳೆ ಬಂದರೂ ಈ ತತ್ತಿಗಳು ಒಡೆಯುವುದಿಲ್ಲ. ಇದು ಪ್ರಕೃತಿಯ ಏರ್ಪಾಡು. ಜನವರಿಯಲ್ಲಿ ಮರಿ ಹೊರಬಂದರೆ ಅದಕ್ಕೆ ತಿನ್ನಲು ಹುಲ್ಲೆಲ್ಲಿದೆ? ಆದ್ದರಿಂದ ತತ್ತಿಯೊಳಗಿನ ಭ್ರೂಣವು ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ಬೇಸಿಗೆ ಕಳೆದು, ಅದರ ನಿದ್ರೆಯ ಅವಧಿ ಮುಗಿದು, ನೆಲಕ್ಕೆ ಹಸಿ ತಗುಲಿದಾಗ ತತ್ತಿಯು ಸುತ್ತಲಿನ ಮಣ್ಣಿನಿಂದ ನೀರನ್ನು ಹೀರಿಕೊಂಡು ಊದುತ್ತದೆ. ಆಗ ಭ್ರೂಣ ಮತ್ತೆ ಬೆಳೆಯತೊಡಗುತ್ತದೆ.

ಇಲ್ಲಿ ನೆನಪಿಡಬೇಕಾದ ಅಂಶವೆಂದರೆ, ತತ್ತಿಗೆ ಶಾಖ ಮತ್ತು ಹಸಿ ಎರಡೂ ಬೇಕು. ಒಣನೆಲದಲ್ಲಿ ಎಷ್ಟು ಶಾಖವಿದ್ದರೂ ಅದು ಕಾಯುತ್ತದೆ. ಹಸಿ ನೆಲದಲ್ಲಿ ಶಾಖ ಕಡಿಮೆಯಾದರೆ ನಿಧಾನವಾಗುತ್ತದೆ. ಮರುಭೂಮಿ ಮಿಡತೆಯ ಉದಾಹರಣೆ ನೋಡಿ. ಅದರ ತತ್ತಿ ಬಿಸಿ ನೆಲದಲ್ಲಿ ಸುಮಾರು 10 ರಿಂದ 15 ದಿನಗಳಲ್ಲಿ ಒಡೆದರೆ, ತಂಪು ನೆಲದಲ್ಲಿ ಎರಡು ತಿಂಗಳಾದರೂ ಬೇಕಾಗಬಹುದು. ನಮ್ಮ ಮಿಡತೆಗಳ ತತ್ತಿ ಬಹುಕಾಲ ನಿದ್ರಿಸಿದರೂ, ಎಚ್ಚರವಾದ ಮೇಲೆ ಇದೇ ನಿಯಮಕ್ಕೆ ಒಳಪಡುತ್ತದೆ.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಮಿಡತೆ

ನಮ್ಮ ಹಿರಿಯರು ಬಿತ್ತನೆಯನ್ನು ಮಳೆ ನಕ್ಷತ್ರಗಳ ಮೇಲೆ ಲೆಕ್ಕ ಹಾಕುತ್ತಿದ್ದರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇಂದಿಗೂ ಬಾಯಲ್ಲಿದೆ. ಮಿಡತೆಯೂ ಅದೇ ಮಳೆಗಳ ಮೇಲೆ ತನ್ನ ಲೆಕ್ಕ ಇಟ್ಟಿದೆ.

ರೋಹಿಣಿ, ಮೃಗಶಿರಾ, ಆರಿದ್ರಾ (ಮೇ ಕೊನೆಯಿಂದ ಜುಲೈ ಮೊದಲ ವಾರ): ನೆಲ ಮೂರು ಅಂಗುಲದವರೆಗೆ ಚೆನ್ನಾಗಿ ನೆನೆದ ಮೇಲೆ ಎರಡು ಮೂರು ವಾರಗಳೊಳಗೆ ಮರಿಗಳು ಹೊರಬೀಳತೊಡಗುತ್ತವೆ. ಧೂಳು ಅಡಗಿಸುವಷ್ಟೇ ಮಳೆಯಾದರೆ ಹಸಿ ತತ್ತಿಯನ್ನು ಮುಟ್ಟುವುದಿಲ್ಲ. ಮಳೆ ಒಮ್ಮೆಗೇ ಚೆನ್ನಾಗಿ ಬಿದ್ದರೆ ಮರಿಗಳೂ ಬಹುಪಾಲು ಒಟ್ಟಿಗೆ ಹೊರಡುತ್ತವೆ. ಬಿಟ್ಟು ಬಿಟ್ಟು ಬಂದರೆ ತಿಂಗಳುಗಟ್ಟಲೆ ಹಿಂದುಮುಂದಾಗಿ ಹೊರಡುತ್ತವೆ. ಒಟ್ಟಿಗೆ ಹೊರಟ ಮರಿಗಳನ್ನು ಹತೋಟಿಗೆ ತರುವುದು ಸುಲಭ.

ಪುನರ್ವಸು, ಪುಷ್ಯ (ಜುಲೈ): ಮಿಡತೆಯ ವರ್ಷವನ್ನು ತೀರ್ಮಾನಿಸುವ ಕಾಲ ಇದು. ಹೊಸ ಮರಿಯ ಮೈ ಮೆತ್ತಗೆ, ಕಾಲು ಬಲಹೀನ. ಬಹಳ ದೂರ ಹೋಗಲಾರದು. ಎರಡು ಬಗೆಯ ಹವೆ ಅದನ್ನು ಕೊಲ್ಲುತ್ತದೆ. ಒಂದು, ಮರಿ ಹೊರಬಿದ್ದ ಕೂಡಲೇ ಮಳೆ ಕೈಕೊಟ್ಟು ಬದುವಿನ ಎಳೆಹುಲ್ಲು ಒಣಗುವುದು. ಆಗ ಮರಿಗಳು ಹಸಿವಿನಿಂದ ಸಾಯುತ್ತವೆ. ಎರಡು, ಬಿಸಿಲನ್ನೇ ಕಾಣಿಸದ ಹಾಗೆ ದಿನಗಟ್ಟಲೆ ಜಿಟಿಜಿಟಿ ಮಳೆ ಹಿಡಿಯುವುದು. ಆಗ ಮರಿಗಳು ತಣ್ಣಗಾಗಿ ಮೇಯಲಾರದೆ ಸೊರಗುತ್ತವೆ.

ಆಶ್ಲೇಷಾ, ಮಘಾ, ಹುಬ್ಬಾ (ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ): ಬದುಕಿ ಉಳಿದ ಮರಿಗಳು ಆರೇಳು ಸಲ ಪೊರೆ ಬಿಟ್ಟು ದೊಡ್ಡವಾಗುತ್ತವೆ. ಮೊದಲು ಬದುವಿನ ಹುಲ್ಲು, ನಂತರ ಬದುವಿಗೆ ಹತ್ತಿದ ಸಾಲುಗಳು, ಕೊನೆಗೆ ಹೊಲದ ನಡು ಎಂಬ ಕ್ರಮದಲ್ಲಿ ಹಬ್ಬುತ್ತವೆ. ಒಂದು ಮಳೆ, ನಾಲ್ಕು ದಿನ ಬಿಸಿಲು, ಮತ್ತೆ ಒಂದು ಮಳೆ ಎಂಬಂತಿದ್ದರೆ ಅದು ಪೈರಿಗೂ ಒಳ್ಳೆಯದು, ಮಿಡತೆಗೂ ಒಳ್ಳೆಯದು.

ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ (ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರ): ಹಿಂಗಾರಿ ಜೋಳದ ಮೊಳಕೆ ಏಳುವ ಹೊತ್ತಿಗೆ ಮಿಡತೆ ಪ್ರಾಯಕ್ಕೆ ಬಂದಿರುತ್ತದೆ. ಮುಂಗಾರಿ ಪೈರು ಕೊಯ್ದು ಹೊಲ ಬೋಳಾದರೆ ಅವು ನೆರೆಯ ಜೋಳದ ಎಳೆ ಸುಳಿಗೆ ನುಗ್ಗುತ್ತವೆ. ಇದೇ ಸಮಯದಲ್ಲಿ ಹೆಣ್ಣುಗಳು ತತ್ತಿ ಇಡತೊಡಗುತ್ತವೆ. ಮಳೆ ನಿಂತು ಬಿಸಿಲು ಬಿದ್ದು ನೆಲ ಒಳಗೆ ಹಸಿಯಾಗಿ ಮೇಲೆ ಗಟ್ಟಿಯಾಗಿದ್ದರೆ ತತ್ತಿ ಇಡಲು ಅನುಕೂಲ. ಈ ಬಿಸಿಲು ಹೆಚ್ಚು ದಿನ ಸಿಕ್ಕಷ್ಟೂ ಒಂದು ಹೆಣ್ಣು ಹೆಚ್ಚು ಗೂಡು ಇಡುತ್ತದೆ. ಮೋಡ, ಮಳೆ, ಬೇಗ ಬಂದ ಚಳಿ ಇವು ಅದರ ಕೆಲಸವನ್ನು ತಡೆಯುತ್ತವೆ.

ಮೇಲಿನ ನಾಲ್ಕು ಹಂತಗಳಲ್ಲಿ ಮೊದಲನೆಯದು ಮರಿ ಯಾವಾಗ ಹೊರಡುತ್ತದೆಂಬುದನ್ನೂ, ಎರಡನೆಯದು ಎಷ್ಟು ಉಳಿಯುತ್ತವೆಂಬುದನ್ನೂ, ಮೂರನೆಯದು ಎಷ್ಟು ತಿನ್ನುತ್ತವೆಂಬುದನ್ನೂ, ನಾಲ್ಕನೆಯದು ಮುಂದಿನ ವರ್ಷಕ್ಕೆ ಎಷ್ಟು ಬೀಜ ಬೀಳುತ್ತದೆಂಬುದನ್ನೂ ನಿರ್ಣಯಿಸುತ್ತವೆ.

ಬಿಸಿಲು ಏಕೆ ಮುಖ್ಯ?

ದನಕರುಗಳಂತೆ ಮಿಡತೆಗೆ ಸ್ವಂತ ಮೈಶಾಖವಿಲ್ಲ. ಹವೆ ತಣ್ಣಗಿದ್ದರೆ ಅದರ ಮೈಯೂ ತಣ್ಣಗೆ. ಬೆಳಗಿನ ಹೊತ್ತು ನೋಡಿ, ಮಿಡತೆಗಳು ದಂಟಿಗೆ ಅಂಟಿಕೊಂಡು ಸೂರ್ಯನಿಗೆ ಅಡ್ಡಲಾಗಿ ಮೈಯೊಡ್ಡಿ ಕುಳಿತಿರುತ್ತವೆ. ಬಿಸಿಲೇರಿ ಮೈ ಕಾದ ಮೇಲೆಯೇ ಅವು ಮೇಯಲು ಹೊರಡುವುದು. ಮಧ್ಯಾಹ್ನ ನೆಲ ಅತಿಯಾಗಿ ಕಾದರೆ ಗಿಡದ ಮೇಲಕ್ಕೇರಿ ನೆರಳು ಹಿಡಿಯುತ್ತವೆ.

ಆದುದರಿಂದ ಬಿಸಿಲಿನ ದಿನ ಮಿಡತೆ ಹೆಚ್ಚು ತಿನ್ನುತ್ತದೆ, ತಿಂದದ್ದು ಬೇಗ ಅರಗುತ್ತದೆ, ಬೇಗ ಪೊರೆ ಬಿಡುತ್ತದೆ. ಮರಿಯ ಅವಧಿ ಕಡಿಮೆಯಾದಷ್ಟೂ ಹಕ್ಕಿ, ಜೇಡ, ರೋಗ ಇವುಗಳ ಬಾಯಿಗೆ ಸಿಗುವ ದಿನಗಳೂ ಕಡಿಮೆ. ಮೋಡದ ದಿನ ಇದಕ್ಕೆ ವಿರುದ್ಧ.

ಮೋಡ ಮುಸುಕಿದ ಒದ್ದೆ ಹವೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಮಿಡತೆಗಳಿಗೆ ಬೂಷ್ಟಿನ ಜಾತಿಯ ರೋಗವೊಂದು ತಗುಲುತ್ತದೆ. ರೋಗ ಹತ್ತಿದ ಮಿಡತೆ ಗಿಡದ ತುದಿಗೆ ಏರಿ, ಕಾಲುಗಳಿಂದ ದಂಟನ್ನು ಬಿಗಿಯಾಗಿ ತಬ್ಬಿಕೊಂಡು, ಹಾಗೆಯೇ ಸಾಯುತ್ತದೆ. ನಿಮ್ಮ ಹೊಲದಲ್ಲಿ ಇಂಥ ಸತ್ತ ಮಿಡತೆಗಳು ಕಂಡರೆ ಅವುಗಳನ್ನು ಕಿತ್ತು ಸುಡಬೇಡಿರಿ. ಅವು ನಿಮ್ಮ ಆಳುಗಳು. ಆ ದೇಹದಿಂದ ಹಾರುವ ಬೂಷ್ಟಿನ ಬೀಜ ಉಳಿದ ಮಿಡತೆಗಳಿಗೂ ರೋಗ ಹಬ್ಬಿಸುತ್ತದೆ. ಪೈರಿಗಾಗಲಿ, ದನಕರುಗಳಿಗಾಗಲಿ ಇದರಿಂದ ತೊಂದರೆಯಿಲ್ಲ.

ಎರಡು ಆಗಸ್ಟ್ ತಿಂಗಳುಗಳ ಪಾಠ

ಈ ಭಾಗದ ರೈತರು ಮರೆಯಲಾರದ ಎರಡು ಆಗಸ್ಟ್ ತಿಂಗಳುಗಳಿವೆ. ಮಿಡತೆಯ ಪಾಠಕ್ಕೆ ಅವು ಒಳ್ಳೆಯ ಉದಾಹರಣೆ.

2019ರ ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಭಾರೀ ಮಳೆಯಿಂದ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ನದಿತೀರದ ಹೊಲಗಳು ನೀರಲ್ಲಿ ಮುಳುಗಿದವು. ಆಗಸ್ಟ್‌ನಲ್ಲಿ ನೆಲದೊಳಗೆ ತತ್ತಿ ಇರುವುದಿಲ್ಲ, ಮರಿಗಳು ಗಿಡದ ಮೇಲಿರುತ್ತವೆ. ದಿನಗಟ್ಟಲೆ ನಿಂತ ಪ್ರವಾಹದಲ್ಲಿ ರೆಕ್ಕೆಯಿಲ್ಲದ ಮರಿ ತೇಲಿಹೋಗುತ್ತದೆ ಇಲ್ಲವೆ ಸಾಯುತ್ತದೆ. ಆದರೆ ಹೊಳೆಯ ನೀರು ಮುಟ್ಟದ ದಿಬ್ಬದ ಹೊಲಗಳಲ್ಲಿ ಮಿಡತೆಗೆ ಇಂಥ ಯಾವ ಅಡ್ಡಿಯೂ ಇಲ್ಲ. ಹೊಳೆ ಬಂದ ವರ್ಷ ಕೀಟವೆಲ್ಲ ತೊಳೆದುಹೋಯಿತು ಎಂದು ದಿಬ್ಬದ ರೈತ ನಿಶ್ಚಿಂತನಾಗಿರಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬೇಸಿಗೆಯಲ್ಲಿ ಬದುವಿಗೆ ನೀರು ಕಟ್ಟಿದರೆ ತತ್ತಿ ಕೊಳೆಯುತ್ತದೆ ಎಂದು ಕೆಲವರು ಭಾವಿಸುತ್ತಾರೆ. ತತ್ತಿಯ ಸಿಪ್ಪೆ ಮತ್ತು ಗೂಡಿನ ಅಂಟು ಗಟ್ಟಿಯಾದವು. ಒಂದೆರಡು ದಿನ ನಿಂತ ನೀರಿನಿಂದ ಅವು ಕೆಡುವುದಿಲ್ಲ.

2023ರ ಆಗಸ್ಟ್ ಇದಕ್ಕೆ ವಿರುದ್ಧ. 1901ರಿಂದ ಹವಾಮಾನ ಇಲಾಖೆಯು ಇಟ್ಟ ದಾಖಲೆಯಲ್ಲಿ ದೇಶದ ಅತ್ಯಂತ ಒಣ ಆಗಸ್ಟ್ ಅದು. ಆ ವರ್ಷ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಜುಲೈ ಆರಂಭದ ಬರ ಮರಿಗಳನ್ನು ಕೊಲ್ಲುತ್ತದೆ ಎಂದು ಮೇಲೆ ಹೇಳಿದೆ. ಆಗಸ್ಟ್‌ನ ಬರ ಹಾಗಲ್ಲ. ಅಷ್ಟು ಹೊತ್ತಿಗೆ ಮಿಡತೆಗೆ ಕಾಲು ಬಲಿತಿರುತ್ತದೆ. ಅಡವಿಯ ಹುಲ್ಲು ಒಣಗಿದರೆ ಅದು ಹಸಿರು ಇರುವಲ್ಲಿಗೆ ನಡೆಯುತ್ತದೆ. ಮಿಡತೆಯ ಒಟ್ಟು ಸಂಖ್ಯೆ ಹೆಚ್ಚದಿದ್ದರೂ ಉಳಿದವೆಲ್ಲ ಒಂದೆಡೆ ಸೇರುತ್ತವೆ. ಬಾವಿಯ ನೀರಿನ ಕೆಳಗಿನ ಹತ್ತು ಗುಂಟೆ ಮೇವು, ಕಾಲುವೆಯ ಪಕ್ಕದ ಕಬ್ಬಿನ ಅಂಚು ಇವೇ ಅವುಗಳ ಗುರಿ. ಬರದಲ್ಲಿ ದನಕ್ಕೆಂದು ಉಳಿಸಿಕೊಂಡ ಮೇವನ್ನೇ ಮಿಡತೆ ಮೊದಲು ಮುಗಿಸುವುದು ಈ ಕಾರಣದಿಂದ.

ನೀರಾವರಿ ಹಬ್ಬಿದಂತೆ

ತುಬಚಿಯ ಹೆಸರು ಇಂದು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ದೂರದವರೆಗೂ ತಿಳಿದಿದೆ. ಕೃಷ್ಣೆಯ ನೀರು ಒಣಸೀಮೆಗೆ ಏರಿದ್ದು ಸಂತೋಷದ ವಿಷಯ. ಅದರ ಜೊತೆಗೆ ಮಿಡತೆಯ ಲೆಕ್ಕವೂ ತುಸು ಬದಲಾಗುತ್ತದೆ. ಕಾಲುವೆಯ ಏರಿ ಮತ್ತು ಒಡ್ಡುಗಳು ಉಳುಮೆ ಕಾಣದ ಗಟ್ಟಿ ನೆಲ. ತತ್ತಿ ಇಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಪಕ್ಕದಲ್ಲೇ ಹನ್ನೆರಡು ತಿಂಗಳು ಹಸಿರು. ಜುಲೈನಲ್ಲಿ ಮಳೆ ಕೈಕೊಟ್ಟಾಗ ಒಣಹೊಲದ ಮರಿಗಳು ಸತ್ತರೂ ಕಾಲುವೆಯಂಚಿನ ಮರಿಗಳು ಬದುಕುತ್ತವೆ. ಆದ್ದರಿಂದ ನೀರಾವರಿ ಮತ್ತು ಒಣಬೇಸಾಯ ಕೂಡುವ ಗಡಿಯಲ್ಲಿ ಹೊಲವಿದ್ದವರು ಮಳೆಯ ಲೆಕ್ಕವೊಂದನ್ನೇ ನಂಬದೆ ಬದುವನ್ನು ಕಣ್ಣಾರೆ ನೋಡಬೇಕು.

ದೂರದ ಮಳೆ, ಹತ್ತಿರದ ಭಯ

2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಯ ದಂಡು ರಾಜಸ್ಥಾನದಿಂದ ಮಧ್ಯಪ್ರದೇಶ ಹಾಗೂ ಮಹಾರಾಷ್ಟ್ರದ ವಿದರ್ಭದವರೆಗೆ ಬಂದಾಗ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಿಗೂ ಎಚ್ಚರಿಕೆ ಕೊಡಲಾಗಿತ್ತು. ಆ ದಂಡಿನ ಮೂಲವೂ ಮಳೆಯೇ. 2018ರ ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಎರಡು ಚಂಡಮಾರುತಗಳು ಅರೇಬಿಯದ ಮರಳುಗಾಡಿನಲ್ಲಿ ಮಳೆ ಸುರಿಸಿದವು. ಮರಳು ಹಸಿಯಾಯಿತು, ಹುಲ್ಲು ಚಿಗುರಿತು. ಮನುಷ್ಯರ ಕಣ್ಣಿಗೆ ಬೀಳದೆ ಒಂದರ ಹಿಂದೊಂದು ಮೂರು ಪೀಳಿಗೆ ಬೆಳೆದು ಮಿಡತೆಯ ಸಂಖ್ಯೆ ಸುಮಾರು 8,000 ಪಟ್ಟು ಹೆಚ್ಚಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಅಂದಾಜು ಮಾಡಿತು.

ನಮ್ಮ ಬದುವಿನ ಮಿಡತೆ ಆ ಜಾತಿಯದಲ್ಲ. ಅದು ದಂಡು ಕಟ್ಟಿ ನೂರಾರು ಮೈಲಿ ಹಾರುವುದಿಲ್ಲ. ಅದರಲ್ಲೂ ರೆಕ್ಕೆಯಿಲ್ಲದ ಮಿಡತೆ ಹುಟ್ಟಿದ ಊರಿನಲ್ಲೇ ಸಾಯುತ್ತದೆ. ಇದರಲ್ಲಿ ನಮಗೊಂದು ಅನುಕೂಲವಿದೆ. ನಿಮ್ಮ ಹೊಲ ಮತ್ತು ನೆರೆಹೊರೆಯ ನಾಲ್ಕು ಹೊಲಗಳ ಬದುಗಳನ್ನು ಒಟ್ಟಿಗೆ ಸರಿಪಡಿಸಿದರೆ ಹೊರಗಿನಿಂದ ಅದು ಬೇಗ ಬರಲಾರದು. ಒಬ್ಬರೇ ಮಾಡಿದರೆ ನೆರೆಯ ಬದುವಿನಿಂದ ಮತ್ತೆ ನಡೆದು ಬರುತ್ತದೆ. ಪಾಲಿನ ಬದುವಿನ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ, ಈ ಕೆಲಸಕ್ಕಾದರೂ ಒಂದು ದಿನ ಕೂಡಬೇಕು.

ಹತೋಟಿ ಕ್ರಮಗಳು

1. ಬೇಸಿಗೆಯ ಕೆಲಸ: ಹಿಂಗಾರಿ ಪೈರು ತೆಗೆದ ಮೇಲೆ ಹೊಲವನ್ನು ಆಳವಾಗಿ ಉಳುಮೆ ಮಾಡಿರಿ. ಮಾರ್ಚ್‌ನಿಂದ ಮೇ ಒಳಗೆ ಬದುವಿನ ಬಗಲನ್ನು ಸಲಿಕೆಯಿಂದ ಮೂರು ಅಂಗುಲ ಕೆತ್ತಿ ಮಣ್ಣನ್ನು ಹರಡಿರಿ. ಮೇ ತಿಂಗಳಲ್ಲಿ ಬರಿ ನೆಲದ ಮೇಲ್ಮೈ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲೆ ಬಿದ್ದ ತತ್ತಿ ಆ ಬಿಸಿಲಿಗೆ ಒಣಗುತ್ತದೆ. ಉಳಿದುದನ್ನು ಬೆಳ್ಳಕ್ಕಿ, ಗೊರವಂಕ, ಕಾಗೆ ಹೆಕ್ಕುತ್ತವೆ. ಮಳೆಗಾಲಕ್ಕೆ ಮುಂಚೆ ಮಣ್ಣನ್ನು ಮತ್ತೆ ಏರಿಸಿ ಬದುವನ್ನು ಬಿಗಿ ಮಾಡಿರಿ. ಇಲ್ಲವಾದರೆ ಮೊದಲ ದೊಡ್ಡ ಮಳೆಗೆ ಬದು ಒಡೆದೀತು. ಎಲ್ಲ ಬದುಗಳನ್ನೂ ಕೆತ್ತುವ ಅಗತ್ಯವಿಲ್ಲ. ಮೊದಲು ಅಲ್ಲಲ್ಲಿ ಒಂದು ಅಡಿ ಚೌಕ ಅಗೆದು ನೋಡಿ, ತತ್ತಿಗೂಡು ಸಿಕ್ಕ ಬದುವನ್ನು ಮಾತ್ರ ಕೆತ್ತಿರಿ. ಕಾಲುವೆಯ ಏರಿಯನ್ನು ಮಾತ್ರ ಯಾರೂ ಸ್ವಂತವಾಗಿ ಕೆತ್ತಬಾರದು.

2. ಮರಿಗಳ ಕಾಲದ ಕೆಲಸ: ಮೊದಲ ಹದಮಳೆಯಾದ ಎರಡನೆಯ ವಾರದಿಂದ ಬದುವಿನ ಹುಲ್ಲನ್ನು ಎರಡು ದಿನಕ್ಕೊಮ್ಮೆ ನೋಡಿರಿ. ಮರಿಗಳು ಕಂಡರೆ ಬೆಳಗಿನ ತಂಪಿನಲ್ಲಿ, ಅವು ಜಡವಾಗಿರುವಾಗ, ಬಟ್ಟೆಯ ಚೀಲ ಅಥವಾ ಹಳೆ ಧೋತರದ ಜೋಳಿಗೆಯನ್ನು ಹುಲ್ಲಿನ ಮೇಲೆ ಎಳೆದು ಹಿಡಿಯಿರಿ. ಬಿಸಿಲೇರಿದ ಮೇಲೆ ಈ ಕೆಲಸ ಸಾಗದು. ಹಿಡಿದುದನ್ನು ಕೋಳಿಗಳಿಗೆ ಹಾಕಬಹುದು. ಬದುವಿನ ಮರಿಗಳು ಹೊಲಕ್ಕೆ ಇಳಿಯುವ ಕಡೆ ಒಂದೂವರೆ ಅಡಿ ಆಳದ, ನೆಟ್ಟಗಿನ ಗೋಡೆಯ ಕಾಲುವೆ ತೋಡಿದರೆ ಅದರಲ್ಲಿ ಬಿದ್ದುವನ್ನು ಮಣ್ಣು ಮುಚ್ಚಬಹುದು.

3. ಬೇವಿನ ಕಷಾಯ: ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಲ್ಲಿ ನೆನೆಸಿ, ಸೋಸಿ, ತುಸು ಸಾಬೂನು ಸೇರಿಸಿ 100 ಲೀಟರ್ ಮಾಡಿಕೊಂಡು ಹೊಲದ ಅಂಚಿನ ಸಾಲುಗಳಿಗೆ ಸಿಂಪಡಿಸಿರಿ. ಬೇವಿನ ತಿರುಳು ಸಿಂಪಡಿಸಿದ ಪೈರನ್ನು ಮಿಡತೆ ತಿನ್ನಲೊಲ್ಲದು ಎಂಬುದು 1960ರ ದಶಕದಲ್ಲಿಯೇ ದೆಹಲಿಯ ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ಮಿಡತೆಯನ್ನು ಕೂಡಲೇ ಕೊಲ್ಲುವ ಔಷಧವಲ್ಲ, ಪೈರನ್ನು ಕಾಯುವ ಉಪಾಯ. ಜೋರು ಮಳೆ ಬಂದರೆ ತೊಳೆದುಹೋಗುವುದರಿಂದ ಮತ್ತೆ ಸಿಂಪಡಿಸಬೇಕಾಗುತ್ತದೆ.

4. ವಿಷ ಔಷಧಗಳು: ಹಿಂದೆ ಮಿಡತೆಗೆ ಬಿ.ಎಚ್.ಸಿ. ಪುಡಿಯನ್ನು ಹೊಲಕ್ಕೆಲ್ಲ ಎರಚುತ್ತಿದ್ದರು. ಅದನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಗಿದೆ. ಇಂದು ಯಾವ ಬೆಳೆಗೆ ಯಾವ ಔಷಧಕ್ಕೆ ಅನುಮತಿ ಇದೆ ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದೇ ಬಳಸಿರಿ. ಬಳಸುವುದಾದರೆ ಜುಲೈನಲ್ಲಿ, ಬದು ಮತ್ತು ಅಂಚಿನ ಸಾಲುಗಳಿಗೆ ಮಾತ್ರ. ಅಕ್ಟೋಬರ್ ಕೊನೆಯಲ್ಲಿ ಹೊಲದ ತುಂಬ ಹೊಡೆಯುವ ಔಷಧ ಸಿಟ್ಟಿನ ಔಷಧವೇ ಹೊರತು ಲೆಕ್ಕದ್ದಲ್ಲ. ಆಗ ಮಿಡತೆಗೆ ತಾನಾಗಿ ಸಾಯುವ ಕಾಲ ಬಂದಿರುತ್ತದೆ, ಬಹಳಷ್ಟು ತತ್ತಿ ನೆಲ ಸೇರಿರುತ್ತದೆ. ಔಷಧ ಹೊಡೆದ ಬದುವಿನ ಹುಲ್ಲನ್ನು ದನಗಳಿಗೆ ಮೇಯಿಸಬಾರದು.

ಮಳೆಯ ವಹಿ

ಈ ಎಲ್ಲ ಕ್ರಮಗಳಿಗೂ ಆಧಾರ ಒಂದು ಸಣ್ಣ ವಹಿ. ನೆಟ್ಟಗಿನ ಗೋಡೆಯ ತಗಡಿನ ಡಬ್ಬಿಯೊಂದನ್ನು ಗಿಡಮರಗಳಿಂದ ದೂರ, ಬಯಲಿನಲ್ಲಿ ನೆಲಕ್ಕೆ ಅಲುಗದಂತೆ ನಿಲ್ಲಿಸಿರಿ. ದಿನಾಲು ಮುಂಜಾನೆ ಅದರಲ್ಲಿನ ನೀರಿನ ಆಳವನ್ನು ಮಕ್ಕಳ ಶಾಲೆಯ ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಬರೆದು ನೀರು ಚೆಲ್ಲಿರಿ. ಎರಡೂವರೆ ಮಿಲಿಮೀಟರಿಗೆ ಕಡಿಮೆ ಬಿದ್ದ ದಿನವನ್ನು ಹವಾಮಾನ ಇಲಾಖೆ ಮಳೆಯ ದಿನವೆಂದು ಎಣಿಸುವುದಿಲ್ಲ. ಅದರ ಪಕ್ಕದಲ್ಲಿ ಮೋಡವೋ ಬಿಸಿಲೋ ಎಂದು ಒಂದು ಮಾತು ಬರೆಯಿರಿ. ವಾರಕ್ಕೊಮ್ಮೆ ಒಂದೇ ಬದುವಿನ ಮೇಲೆ, ಒಂದೇ ಹೊತ್ತಿಗೆ, ಇಪ್ಪತ್ತು ಹೆಜ್ಜೆ ನಡೆದು ಎದ್ದ ಮಿಡತೆಗಳನ್ನು ಎಣಿಸಿ ಬರೆಯಿರಿ.

ಎರಡು ಮೂರು ವರ್ಷಗಳಲ್ಲಿ ಆ ವಹಿ ನಿಮ್ಮೊಡನೆ ಮಾತಾಡತೊಡಗುತ್ತದೆ. ಹೋದ ವರ್ಷ ಹಸ್ತಾ, ಚಿತ್ತಾ ದಿನಗಳಲ್ಲಿ ಮಿಡತೆ ಹೆಚ್ಚಾಗಿದ್ದು ಬಿಸಿಲೂ ಚೆನ್ನಾಗಿತ್ತೆಂದು ಅದರಲ್ಲಿದ್ದರೆ, ಈ ಬೇಸಿಗೆ ಬದು ಅಗೆಯಲೇಬೇಕು. ಜೂನ್‌ನಲ್ಲಿ ಹದಮಳೆಯಾಗಿ ಜುಲೈನಲ್ಲಿ ಬಿಸಿಲು-ಮಳೆ ಸಮನಾಗಿ ಬಂದಿದ್ದರೆ ಎಚ್ಚರಿಕೆ ಬೇಕು. ಜುಲೈ ಪೂರ್ತಿ ಮೋಡ ಹಿಡಿದಿದ್ದರೆ ಔಷಧದ ಹಣವನ್ನು ಉಳಿಸಿಕೊಳ್ಳಬಹುದು.

ಮಳೆಯನ್ನು ತರುವುದು, ತಡೆಯುವುದು ನಮ್ಮ ಕೈಯಲ್ಲಿಲ್ಲ. ಬದು ನಮ್ಮ ಕೈಯಲ್ಲಿದೆ. ಮಿಡತೆ ಕಣ್ಣಿಗೆ ಬೀಳದ ಏಳು ತಿಂಗಳು ಅಲ್ಲಿಯೇ, ಮೂರು ಅಂಗುಲ ಮಣ್ಣಿನ ಕೆಳಗೆ, ಇರುತ್ತದೆ. ಅಗೆದು ನೋಡಲು ಆ ಏಳು ತಿಂಗಳೇ ಸರಿಯಾದ ಸಮಯ.